ಎದುರು ಮನೆಗೆ ಬರೆದ ಕಾರ್ಡು

ಯಾರಿಗೂ ಬೇಡವಾಗಿಬಿಡುತ್ತೇನೆಂಬ ಭಯ ನನಗೆ ಮೊದಲಿನಿಂದಲೂ ಇದೆ. ಕಾರ್ಖಾನೆಯ ಸ್ಟೋರಿನ ಗುಮಾಸ್ತನಿಗೆ ಅದು ಸಹಜವೆಂದು ನನ್ನ ಹೆಂಡತಿಯ ಅಭಿಪ್ರಾಯ. ಆದರೆ ಮರಾಠಿ ಸೀಮೆಯ ನಿಗಡಿಯ ನಮ್ಮ ಕಾಲನಿಯಲ್ಲಿ ಬಹಳ ವರ್ಷ ನನಗೊಂದು ಘನವಾದ ಉದ್ಯೋಗವಿತ್ತು. ಅಲ್ಲಿ ವಿಜಾಪುರ, ಕಲಬುರ್ಗಿ ಕಡೆಯವರ ಮನೆಗಳು ಸಾಕಷ್ಟು. ಊರಿನ ಹಿರಿಯರು ವಿಳಾಸವನ್ನು ಕನ್ನಡದಲ್ಲೇ ಬರೆಯುತ್ತಿದ್ದರು. ಪಿನ್‌ಕೋಡಿನ ಬಲದಿಂದ ಕಾಗದ ನಿಗಡಿ ಮುಟ್ಟುತ್ತಿತ್ತು. ಅಲ್ಲಿಂದ ಮುಂದೆ ನಾನೇ ಗತಿ. ನನ್ನದು ಎರಡನೇ ಪಾಳಿ. ಬೆಳಿಗ್ಗೆ ಹನ್ನೊಂದಕ್ಕೆ ಪೋಸ್ಟ್‌ಮನ್ ಶಿಂದೆಯವರು ಬಂದು ತಮಗೆ ಓದಲು ಬಾರದ ಕನ್ನಡದ ಕಟ್ಟನ್ನು ನನ್ನ ಮುಂದಿಡುವರು. ನಾನು ಓದುವೆ, ಅವರು ಮೂಲೆಯಲ್ಲಿ ಮರಾಠಿಯಲ್ಲಿ ಗುರುತು ಹಾಕಿಕೊಳ್ಳುವರು. ವಿಳಾಸವನ್ನಷ್ಟೇ ಓದುತ್ತಿದ್ದೆ. ಕಾರ್ಡಿನಲ್ಲಿದ್ದ ಸುದ್ದಿ ಕಣ್ಣಿಗೆ ಬಿದ್ದಿದ್ದರೆ ಅದು ಕಣ್ಣಿನ ತಪ್ಪು.

ಆಮೇಲೆ ಮೂಲೆಯ ಅಂಗಡಿಗೆ ಇಂಟರ್‌ನೆಟ್ ಬಂತು, ಎಲ್ಲರ ಕಿಸೆಗೂ ಮೊಬೈಲ್ ಬಂತು. ಕನ್ನಡದ ಕಟ್ಟು ವಾರಕ್ಕೊಂದು ಕಾಗದಕ್ಕೆ ಇಳಿಯಿತು. ಫೋನಿನ ಬಿಲ್ಲು, ಬ್ಯಾಂಕಿನ ಲಕೋಟೆ ಓದಲು ಶಿಂದೆಯವರಿಗೆ ನಾನೇಕೆ ಬೇಕು? ಒಂದು ದಿನ ಅವರು ಚಹಾ ಕುಡಿಯುತ್ತ ಮರಾಠಿಯಲ್ಲಿ ಹೇಳಿದರು: "ಸೋಮವಾರದಿಂದ ಎರಡು ವಾರ ಟಪಾಲು ಎಣಿಸ್ತಾರೆ ಸಾಹೇಬ. ಕಡಿಮೆ ಬಂದರೆ ನಾನು ಸುತ್ತೋ ಈ ಬೀಟನ್ನ ಪಕ್ಕದ್ದಕ್ಕೆ ಸೇರಿಸಿ, ನನ್ನನ್ನ ಆಫೀಸಿನೊಳಗೆ ಕೂರಿಸ್ತಾರೆ."

ಹೊಸ ಪೋಸ್ಟ್‌ಮನ್ ನಮ್ಮ ಮನೆಯ ಮೆಟ್ಟಿಲಾದರೂ ಏಕೆ ತುಳಿದಾನು? ಅಂದೇ ಕಾರ್ಡುಗಳ ಕಟ್ಟು ತಂದು ಕಾಲನಿಯ ಕನ್ನಡದವರಿಗೆಲ್ಲ ಬರೆಯತೊಡಗಿದೆ: 'ಇತ್ತ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಇಂತಿ ಹಿತೈಷಿ.'

"ಏನ್ರೀ ಇದು, ಎದುರಿನ ಮನಿಯವ್ರಿಗೆ ಕಾರ್ಡ್ ಬರಿಯೋದು?" ಎಂದಳು ಹೆಂಡತಿ. "ಬಾಗಲಾ ತಗದು ಮಾತಾಡ್ರಿ."

"ನಿನಗ ತಿಳಿಯಂಗಿಲ್ಲ, ಸುಮ್ನಿರು."

ಎರಡು ವಾರ ನನ್ನ ಅಕ್ಷರವನ್ನು ನಾನೇ ತಡವರಿಸುತ್ತ ಓದಿ ಶಿಂದೆಯವರಿಗೆ ಮನೆ ತೋರಿಸಿದೆ. ನಾಲ್ಕನೇ ಮಹಡಿಯ ದೇಸಾಯರು ಮಾತ್ರ ಈ ಹಿತೈಷಿಗೆ ಹೆದರಿ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದರು.

ಎಣಿಕೆ ಮುಗಿದ ಮೇಲೆ ಶಿಂದೆಯವರು ಬಂದು ಕುರ್ಚಿಯಲ್ಲಿ ಕುಸಿದರು. "ಬೀಟು ಉಳೀತು ಸಾಹೇಬ. ನಿಮ್ಮ ಜನ ಮತ್ತೆ ಬರೆಯೋಕೆ ಶುರು ಮಾಡಿದ್ದಾರೆ." ನಾನು ಹಲ್ಲು ಕಿರಿದೆ. ಅವರು ಮೊಣಕಾಲು ನೀವಿಕೊಂಡರು. "ಡಾಕ್ಟರು ಮೆಟ್ಟಿಲು ಹತ್ತಬೇಡ ಅಂದಿದ್ದರು. ಒಳಗೆ ಕೂರೋ ಕೆಲಸ ಸಿಗಲಿ ಅಂತ ದೇವರಿಗೆ ತೆಂಗಿನಕಾಯಿ ಹರಕೆನೂ ಹೊತ್ತಿದ್ದೆ."

ನಿಜ ಹೇಳುವ ಧೈರ್ಯ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಮರುದಿನದಿಂದ ಹನ್ನೊಂದು ಗಂಟೆಗೆ ಶಿಂದೆಯವರು ನಮ್ಮ ಮನೆಯಲ್ಲಿ ಕಾಲು ಚಾಚಿ ಚಹಾ ಕುಡಿಯತೊಡಗಿದರು. ನಾನು ಏದುಸಿರು ಬಿಡುತ್ತ ನಾಲ್ಕು ಮಹಡಿ ಹತ್ತಿ, ದೇಸಾಯರು ಎರಡೂ ಚಿಲಕ ತೆಗೆಯುವವರೆಗೆ ಕಾದು, ಅವರ ಫೋನಿನ ಬಿಲ್ಲು ಕೊಟ್ಟು ಬರತೊಡಗಿದೆ.