ಹಾಸ್ಟೆಲಿನ ಬಕೆಟ್ಟು ಊರಿಗೆ ಬಂದದ್ದು

ಹಾಸ್ಟೆಲಿನಿಂದ ಊರಿಗೆ ಬರುವ ಹುಡುಗಿ ಬಟ್ಟೆ ತಂದರೆ ಒಗೆಯಲು ತಂದಳು ಎನ್ನಬಹುದು. ಪುಸ್ತಕ ತಂದರೆ ಓದುತ್ತಾಳೇನೋ ಎಂದು ಆಸೆಪಡಬಹುದು. ಬಕೆಟ್ಟು ತಂದರೆ ಮಾತ್ರ ಅದಕ್ಕೆ ಒಂದೇ ಅರ್ಥ: ಅವಳು ಮತ್ತೆ ಹಾಸ್ಟೆಲಿಗೆ ಹೋಗುವುದಿಲ್ಲ. ಬೆಳಿಗ್ಗೆ ಸ್ನಾನದ ಕೋಣೆಯ ಮುಂದಿನ ಸಾಲಿನಲ್ಲಿ ನಮ್ಮ ಪರವಾಗಿ ನಿಲ್ಲುವುದು ಬಕೆಟ್ಟೇ ತಾನೆ. ಅದು ಎದ್ದು ಬಂದರೆ ನಾವೂ ಎದ್ದು ಬಂದಂತೆಯೇ. ಇಷ್ಟು ಸ್ಪಷ್ಟವಾದ ಸಂಗತಿ ನಮ್ಮೂರು ಸಗರದಲ್ಲಿ ಒಬ್ಬರಿಗೂ ಹೊಳೆಯದೇ ಹೋದದ್ದರಿಂದ ನಾನು ಇಂದು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ.

ನಾನು ಓಡಿಬರಲು ಕಾರಣ ಡ್ರಾಯಿಂಗು. ಕಲಬುರಗಿಯಲ್ಲಿ ಸೇರಿದ್ದು ಎಲೆಕ್ಟ್ರಾನಿಕ್ಸಿಗೆ. ಆದರೆ ಮೊದಲ ವರ್ಷ ಯಾವ ವಿಭಾಗದವರಿಗೂ ಡ್ರಾಯಿಂಗ್ ತಪ್ಪಿದ್ದಲ್ಲ. ಕಣ್ಣೆದುರಿಗೆ ಇಲ್ಲದ ಒಂದು ಆರು ಮೂಲೆಯ ಕಂಬವನ್ನು ಮನಸ್ಸಿನಲ್ಲಿ ಓರೆಯಾಗಿ ನಿಲ್ಲಿಸಿಕೊಂಡು, ಅದು ಮುಂದಿನಿಂದ ಹೇಗೆ ಕಾಣುತ್ತದೆ, ಮೇಲಿನಿಂದ ಹೇಗೆ ಕಾಣುತ್ತದೆ ಎಂದು ಬರೆಯಬೇಕು. ನನ್ನ ಮನಸ್ಸಿನಲ್ಲಿ ಆ ಕಂಬ ನಿಲ್ಲುತ್ತಲೇ ಇರಲಿಲ್ಲ. ಬಿದ್ದ ಕಂಬವನ್ನೇ ನಾನು ಬಹಳ ನೀಟಾಗಿ ಬರೆದು ಒಪ್ಪಿಸುತ್ತಿದ್ದೆ. ಸರ್ ಅದರ ಮೇಲೆಲ್ಲ ಕೆಂಪು ಪೆನ್ಸಿಲ್ ಆಡಿಸಿ, "ನಿನ್ನ ಶೀಟು ಭಾಳ ಸ್ವಚ್ಛ ಇರ್ತದಮ್ಮ. ತಪ್ಪು ಎದ್ದು ಕಾಣ್ತದ" ಎನ್ನುತ್ತಿದ್ದರು. ಎದ್ದು ನಿಂತು 'ಗೊತ್ತಾಗಲಿಲ್ಲ ಸರ್' ಎಂದಿದ್ದರೆ ತಿಳಿಸುತ್ತಿದ್ದರೇನೋ. ಆದರೆ ತುಂಬಿದ ತರಗತಿಯಲ್ಲಿ ಸಂದೇಹ ಕೇಳುವುದೂ ಒಂದೇ, ಯಾರದೋ ಮದುವೆಯಲ್ಲಿ ಎದ್ದು ಹಾಡುವುದೂ ಒಂದೇ. ಎರಡೂ ನನ್ನಿಂದಾಗದ ಕೆಲಸ. ಆದ್ದರಿಂದ ಊರಿಗೆ ಹೋದ ಮೇಲೆ ಅವ್ವನಿಗೆ ಮಾತ್ರ ಗುಟ್ಟಾಗಿ ಹೇಳಿ, ಶಹಾಪುರದಲ್ಲೇ ಬಿ.ಎ. ಸೇರುವುದೆಂದು ನಿಶ್ಚಯಿಸಿ, ಒಂದು ಶನಿವಾರ ಬಸ್ಸು ಹತ್ತಿದೆ. ಒಂದು ಕೈಯಲ್ಲಿ ಬಕೆಟ್ಟು, ಹೆಗಲಿಗೆ ಡ್ರಾಯಿಂಗ್ ಶೀಟು ಸುತ್ತಿಟ್ಟ ಉದ್ದನೆಯ ಪ್ಲಾಸ್ಟಿಕ್ ಕೊಳವೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಕಾಲುವೆ ಬಂದ ಮೇಲೆ ಇಂಜಿನಿಯರ್ ಎಂದರೆ ನೀರು ಬಿಡುವವನು. ಇಂಜಿನಿಯರುಗಳಲ್ಲಿ ಬೇರೆ ಜಾತಿಗಳಿವೆ ಎಂಬುದನ್ನು ಯಾರೂ ನಂಬುವುದಿಲ್ಲ. ಹೀಗಾಗಿ ಊರಲ್ಲಿ ಬಸ್ಸಿಳಿದ ಕೂಡಲೇ ಪಕ್ಕದ ಮನೆಯ ಭೀಮಣ್ಣ ಕಾಕಾ ನನ್ನನ್ನು ಹಿಡಿದರು. ಅವರ ಹೊಲ ಕಾಲುವೆಯ ಕಟ್ಟಕಡೆಗಿದೆ.

"ಬಂದಿಯೇನವ್ವ! ಛಲೋ ಹೊತ್ತಿಗಿ ಬಂದಿ ನೋಡು. ಆ ಬಕೀಟ ಇಲ್ಲಿ ಕೊಡು, ನಾ ಹಿಡ್ಕೋತೀನಿ. ನಕ್ಷಾದ ಕೊಳವಿ ಮಾತ್ರ ನಿನ್ನ ಹಂತ್ಯಾಕ ಇರ್ಲಿ, ಅದು ಸರ್ಕಾರದ್ದು."

"ಎಲ್ಲಿಗ್ರಿ ಕಾಕಾ? ಮನಿ ಈ ಕಡಿ ಅದಲ್ರಿ."

"ಮನಿ ಎಲ್ಲಿ ಓಡಿ ಹೋಗ್ತದ? ಕೆನಾಲ್ ಕಡಿ ನಡಿ. ಮ್ಯಾಲಿನವ್ರಿಗಿ ನೀರು ತುಂಬಿ ಹರ್ಯಾಕತ್ತದ, ನಮ್ಮ ಕಡಿ ಹಸಿನೂ ಆಗವಲ್ದು."

ಇಲ್ಲ ಎನ್ನಲು ಬಾರದ ನಾನು ಅವರ ಹಿಂದೆ ನಡೆದೆ. ಕಾಲುವೆಯ ದಂಡೆಯಲ್ಲಿ ಆಗಲೇ ನಾಲ್ಕೈದು ಜನ ಕೂತಿದ್ದರು, ಕಾಕಾನ ತಾಯಿ ನಿಂಗವ್ವ ಆಯಿಯೂ ಇದ್ದಳು. ನಾನು ಅವಳ ಪಕ್ಕ ಕುಕ್ಕರಿಸಿ ಮೆಲ್ಲಗೆ ತಿಳಿಸಿ ಹೇಳಿದೆ: "ಆಯಿ, ನಂದು ಎಲೆಕ್ಟ್ರಾನಿಕ್ಸು. ಅದು ಬ್ಯಾರೆ."

"ಬ್ಯಾರೆ ಅಂದ್ರ? ಬ್ಯಾರೆ ಕೆನಾಲಿಂದೇನು?"

ಅಷ್ಟರಲ್ಲಿ ಕಾಕಾ, "ನಕ್ಷಾ ತೆಗಿಯವ್ವ, ಎಲ್ಲಾರೂ ನೋಡ್ಲಿ" ಎಂದರು. ತೆಗೆಯದೇ ಬೇರೆ ದಾರಿಯಿರಲಿಲ್ಲ. ನನ್ನ ಆರು ಮೂಲೆಯ ಕಂಬ, ಮೈತುಂಬ ಕೆಂಪು ಗಾಯ ಮಾಡಿಕೊಂಡು, ಒಣ ಕಾಲುವೆಯ ದಂಡೆಯ ಮೇಲೆ ಮಲಗಿತು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟರು. ಎಲ್ಲರೂ ಬಗ್ಗಿ ನೋಡಿದರು.

"ಈ ಕೆಂಪ ಗೆರಿ ನಮ್ಮ ಹೊಲ ಏನು?"

"ಅಲ್ರಿ ಕಾಕಾ. ಅವು ತಪ್ಪು."

"ಕೇಳಿದ್ರಿಲ್ಲ! ಇಷ್ಟೂ ತಪ್ಪ ಮಾಡ್ಯಾರ. ನೀರು ಹ್ಯಾಂಗ ಬರ್ತದ? ಈಗ ಏನ್ ಮಾಡೂದವ್ವ?"

ಇವರೆಲ್ಲ ನನ್ನ ಮೇಲೆ ಇಟ್ಟ ಭರವಸೆಯ ಎದುರು, ಬಕೆಟ್ಟಿನ ಸಮೇತ ಓಡಿಬಂದ ನಾನು ಏನು ಹೇಳಲಿ? ಬಾಯಿಗೆ ಬಂದದ್ದು ಒಂದೇ ಮಾತು: "ನೋಡೋಣ್ರಿ."

ಎಲ್ಲರ ಮುಖ ಬಾಡುತ್ತದೆ ಎಂದುಕೊಂಡೆ. ಕಾಕಾನ ಮುಖ ಅರಳಿತು. "ಪಕ್ಕಾ ಇಂಜಿನಿಯರ್ ಆಗ್ಯಾಳ ಬಿಡ್ರಿ!"

ಆಯಿ ತಲೆ ಆಡಿಸಿದಳು. "ಹಿಂದಕ ಬಂದಿದ್ದ ಕೆನಾಲ್ ಸಾಹೇಬನೂ ಹಿಂಗ ಅಂದಿದ್ದ. ಆದ್ರ ಅಂವ ಜೀಪ್ ಇಳಿದಿದ್ದಿಲ್ಲ. ನಮ್ಮ ಹುಡುಗಿ ನಡ್ಕೋತ ಬಂದಾಳ." ಅಷ್ಟು ಕೇಳಿ ಎಲ್ಲರೂ ಸಮಾಧಾನದಿಂದ ಎದ್ದು ತಮ್ಮ ತಮ್ಮ ಕೆಲಸಕ್ಕೆ ಹೋದರು.

ನಾನು ಶೀಟು ಸುತ್ತುತ್ತ ಅಲ್ಲೇ ಕೂತೆ. ಊರಿನ ನಿರೀಕ್ಷೆಯೆಂಬ ಬೆಟ್ಟವನ್ನು ಹೊತ್ತು ಕಲಬುರಗಿಯಲ್ಲಿ ತಿಂಗಳುಗಟ್ಟಲೆ ಬೆವರಿದ್ದೆ. ಅವರಿಗೆ ಬೇಕಾದದ್ದು ಯಾರಾದರೂ ಬಂದು ನೋಡುವುದು ಅಷ್ಟೇ ಎಂದು ಗೊತ್ತಾದಾಗ ಹೆಗಲು ಹಗುರಾಗಿ, ನಗುವೂ ಬಂತು.

ಮನೆಯಲ್ಲಿ ಅವ್ವ ಬಕೆಟ್ಟನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಬಕೀಟ ತಂದದ್ದು ಛಲೋ ಆತು" ಎಂದು ರೊಟ್ಟಿ ಬಡಿಯಲು ಕೂತಳು. ಮನೆಗೆ ಬಂದ ಪಾತ್ರೆಯನ್ನು ಖಾಲಿ ಕಳಿಸುವ ಪದ್ಧತಿ ಅವಳಲ್ಲಿಲ್ಲ. ಭಾನುವಾರ ಸಂಜೆ ಬಕೆಟ್ಟಿನ ತುಂಬ ಕಟಕ್ ಸಜ್ಜೆ ರೊಟ್ಟಿ, ನಡುವೆ ಶೇಂಗಾ ಹಿಂಡಿ, ಅಂದರೆ ಚಟ್ನಿ ಪುಡಿಯ ಡಬ್ಬಿ. "ಅವ್ವಾ, ನಾ ಏನ್ ಅಂತೀನಿ ಅಂದ್ರ..." ಎಂದು ಶುರು ಮಾಡಿದೆ. ಅವಳು ಮೇಲೆ ಬಟ್ಟೆ ಬಿಗಿದು ಕಟ್ಟುತ್ತ, "ಮುಂದಿನ ಸಲ ಮುಚ್ಚಳ ಇದ್ದದ್ದು ತಾ" ಎಂದಳು. ಅವಳಿಗೆ ಎಲ್ಲ ಗೊತ್ತಿತ್ತೋ, ಏನೂ ಗೊತ್ತಿರಲಿಲ್ಲವೋ, ನಾನು ಇವತ್ತಿಗೂ ಕೇಳಿಲ್ಲ. ತುಂಬಿದ ಬಕೆಟ್ಟು ಹೊತ್ತವಳಿಗೆ ಕಾಲೇಜು ಬಿಡುವ ಮಾತಾಡಲು ಬರುವುದಿಲ್ಲ.

ಹಾಸ್ಟೆಲಿನಲ್ಲಿ ರೊಟ್ಟಿಯ ವಾಸನೆಗೆ ಮೊದಲು ಬಂದವಳು ಪಕ್ಕದ ಕೋಣೆಯ ಹುಡುಗಿ. ಮೂರನೆಯ ರೊಟ್ಟಿ ಮುರಿಯುತ್ತ, ತನಗೂ ಆ ಕಂಬ ನಿಲ್ಲುವುದಿಲ್ಲವೆಂದು ಒಪ್ಪಿಕೊಂಡಳು. ಇಬ್ಬರೂ ಸೇರಿ ಬಟ್ಟೆ ಸೋಪನ್ನು ಆರು ಮೂಲೆಯಾಗಿ ಕೊರೆದು, ಪುಸ್ತಕಕ್ಕೆ ಓರೆಯಾಗಿ ಒರಗಿಸಿ, ಸುತ್ತಲೂ ಓಡಾಡಿ ನೋಡಿದೆವು. ಕಂಬ ನಿಂತಿತು. ಡ್ರಾಯಿಂಗಿನಲ್ಲಿ ಪಾಸಾದೆ, ಎಷ್ಟು ಅಂಕ ಎಂದು ಕೇಳಬಾರದು.

ಫಲಿತಾಂಶದ ವಾರವೇ ಕಾಕಾ ಫೋನು ಮಾಡಿದರು. "ನೀರ್ ಬಂತವ್ವ! ನೋಡೋಣ್ರಿ ಅಂದಿದ್ದಿ, ನೋಡಿದಿ ಬಿಡು." ಮೇಲಿನ ಹೊಲಗಳ ಭತ್ತ ಕೊಯ್ಲಿಗೆ ಬಂದು ಅವರಿಗೆ ನೀರು ಬೇಡವಾಗಿತ್ತು, ಅಷ್ಟೇ. ಅದನ್ನೇ ಹೇಳಬೇಕೆಂದು ಬಾಯಿ ತೆರೆದೆ. ಹೊರಬಂದದ್ದು, "ಇರ್ಲಿ ಬಿಡ್ರಿ ಕಾಕಾ, ಅದೇನ್ ದೊಡ್ಡ ಮಾತು." 'ನೋಡೋಣ್ರಿ' ಎಂಬುದು ಇಂಜಿನಿಯರಿಕೆಯ ಮೊದಲ ವರ್ಷದ ಪಾಠವಾದರೆ, ಎರಡನೇ ವರ್ಷದ ಪಾಠಗಳು ಆಗಲೇ ಶುರುವಾಗಿದ್ದವೆಂದು ಕಾಣುತ್ತದೆ.