ಕಾಕಾನ ಲೋಟದ ಗೆರೆ

ಚಹಾದ ಗಾಜಿನ ಲೋಟ. ಅಂಚಿನಿಂದ ಎರಡು ಬೆರಳು ಕೆಳಗೆ ಉಗುರುಬಣ್ಣದ ಕೆಂಪು ಗೆರೆ. ಬಣ್ಣ ನನ್ನದು, ಉಗುರಿಗೆ ಒಮ್ಮೆಯೂ ಹಚ್ಚಲಿಲ್ಲ, ಎಲ್ಲ ಲೋಟಕ್ಕೇ ಮೀಸಲು. ಲೋಟ ಕಾಕಾನದು, ಅಂದರೆ ನನ್ನ ಚಿಕ್ಕಪ್ಪನದು. ತೆರಿಗೆ ಹೆಚ್ಚು ಕಟ್ಟಲು ಹಟ ಹಿಡಿದವನು ಇಡೀ ಬನಹಟ್ಟಿಯಲ್ಲಿ ಅವನೊಬ್ಬನೇ ಎಂದರೆ ನಂಬುತ್ತೀರಾ?

ನಮ್ಮ ಮನೆತನದ ಸೀರೆ ಕಂಪನಿಗೆ ಅವನು ಎಂ.ಡಿ. ಮಗ್ಗಗಳ ಖಟಖಟ ಕೇಳದ ದಿನ ಅವನಿಗೆ ಊಟ ಸೇರದು. ಎಂ.ಕಾಂ. ಮುಗಿಸಿದ ನಾನು ಅಲ್ಲಿ ಲೆಕ್ಕ ಬರೆಯುತ್ತಿದ್ದೆ. ಗೆರೆಯವರೆಗಿನ ಚಹಾ ಕಂಪನಿಯ ಖರ್ಚು. ಮೇಲಿನ ಎರಡು ಬೆರಳು ಸ್ವಂತದ್ದು, ಅದಕ್ಕೆ ಅವನು ಆಫೀಸಿನ ಡಬ್ಬಿಗೆ ಒಂದು ರೂಪಾಯಿ ಹಾಕುತ್ತಿದ್ದ! ತಿಂಗಳ ಪಗಾರಕ್ಕೂ ಇದೇ ನ್ಯಾಯ. ಹಿರಿಯ ನೇಕಾರನ ಪಗಾರದ ಐದು ಪಟ್ಟಿನವರೆಗೆ ಎಂ.ಡಿ. ಪಗಾರ ಖರ್ಚು. ಅದಕ್ಕೂ ಮೇಲೆ ತೆಗೆದುಕೊಂಡದ್ದನ್ನು ಲಾಭವೆಂದೇ ಹಿಡಿದು ಕಂಪನಿ ತೆರಿಗೆ ಕಟ್ಟಬೇಕು. ಕಾನೂನು ಹಾಗೆ ಹೇಳಿರಲಿಲ್ಲ, ಕಾಕಾ ಹೇಳಿದ್ದ.

ಜಮಖಂಡಿಯ ಆಡಿಟರು ಕನ್ನಡಕ ತೆಗೆದು ಒರೆಸಿಕೊಂಡರು. “ತೆರಿಗಿ ಉಳಸಾಕ ಫೀ ತಗೋತೇವ್ರಿ. ಹೆಚ್ಚ ಮಾಡಾಕ ಎಷ್ಟ ತಗೋಬೇಕೊ ಗೊತ್ತಿಲ್ಲರಿ!”

ಹಿರಿಯ ನೇಕಾರನಿಗೆ ಮಾತ್ರ ಲೆಕ್ಕ ಥಟ್ಟನೆ ತಿಳಿಯಿತು. “ಸಾವಕಾರ್ರ, ನಿಮ್ಮ ಪಗಾರ ಏರಬೇಕಂದ್ರ ಮೊದಲ ನಂದು ಏರಸ್ರೀ. ನಿಮ್ಮ ಸಲುವಾಗೇ ಹೇಳಾಕತ್ತೇನಿ!” ಕಾಕಾ ಅವನದನ್ನು ಏರಿಸಿದ. ತನ್ನದನ್ನು ಏರಿಸಿಕೊಳ್ಳಲು ಮರೆತ.

ಸೀರೆ ಚೆನ್ನಾಗಿ ಮಾರಿದ ವರ್ಷ ದೊಡ್ಡಪ್ಪ ಸಭೆ ಕರೆದ. ಕಂಪನಿಯಲ್ಲಿ ಅವನ ಪಾಲೇ ದೊಡ್ಡದು.

“ಎಂ.ಡಿ. ಪಗಾರ ಇಪ್ಪತ್ತ ಪಟ್ಟ ಬರಿ, ಎಲ್ಲಾ ಖರ್ಚಿಗಿ ಹಾಕು, ಆಮ್ಯಾಲೆ ನಾವ್ ಹಂಚಕೊಳ್ಳೂನು. ಲಾಭನ ಕಾಣಂಗಿಲ್ಲ, ತೆರಿಗಿ ಎಲ್ಲಿಂದ ಬರ್ತೈತಿ?”

“ಎಷ್ಟರೆ ಕುಡಿ ಅಣ್ಣಾ, ಬ್ಯಾಡ ಅನ್ನಂಗಿಲ್ಲ. ಗೆರಿ ಮ್ಯಾಲಿಂದು ಖರ್ಚಿಗಿ ಹಾಕಬ್ಯಾಡ.”

“ಹಂಗಾದ್ರ ಕುರ್ಚಿ ಬಿಡಲೇ, ನಾ ಕುಂದರ್ತೇನಿ!”

ನಾಲ್ಕು ದಿನ ಯೋಚಿಸಬಹುದಿತ್ತು. ಕಾಕಾ ಎದ್ದು ಲೋಟ ತೊಳೆದ, ಕೈಚೀಲಕ್ಕೆ ಹಾಕಿಕೊಂಡ, ಹೊರಟೇಬಿಟ್ಟ.

ಸಂಜೆ ಅವನ ಮನೆಗೆ ಹೋದೆ. ಅವನ ಹೆಂಡತಿ ಕಾಕು ಅದೇ ಲೋಟದ ತುಂಬ ಚಹಾ ಸುರಿದಳು. ಕಾಕಾ ಗೆರೆಯ ಮೇಲಿನ ಎರಡು ಬೆರಳು ಚಹಾವನ್ನು ಬಸಿ ತಟ್ಟೆಗೆ ಬಗ್ಗಿಸಿ ನನ್ನ ಕಡೆ ಸರಿಸಿದ.

“ಇದು ಮನಿ ಚಾ ಐತ್ರಿ! ಇಲ್ಲೆಲ್ಲಿ ಬಂತು ಕಂಪನಿ?” ಎಂದಳು ಕಾಕು.

“ರೂಢಿ ಆಗೇತಿ.”

ಸ್ವಲ್ಪ ಹೊತ್ತು ಅವನು ಏನನ್ನೋ ಕೇಳಿಸಿಕೊಳ್ಳುವಂತೆ ಕೂತಿದ್ದ. ಆ ಓಣಿಯಲ್ಲಿ ಮಗ್ಗಗಳಿರಲಿಲ್ಲ. ಆಮೇಲೆ ಲೋಟವನ್ನು ಬೆಳಕಿಗೆ ಹಿಡಿದ. “ಗೆರಿ ಅಳಸಾಕತ್ತೈತಿ ನೋಡವಾ,” ಎಂದ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಬರುವ ಮೊದಲೇ ಆಫೀಸಿಗೆ ಹೋದೆ. ಎಂ.ಡಿ. ಮೇಜಿನ ಮೇಲೆ ಅವನಿಗಾಗಿ ಇಟ್ಟಿದ್ದ ಹೊಸ ಲೋಟಕ್ಕೆ, ಅಂಚಿನಿಂದ ಎರಡು ಬೆರಳು ಅಳೆದು, ಕೆಂಪು ಗೆರೆ ಎಳೆದೆ. ಒಣಗಿದ ಮೇಲೆ ಇನ್ನೊಂದು ಸಲ.