ಎರಡು ಸೆರಗಿನ ಸೀರೆ

ನಮ್ಮ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ನಗುವುದಕ್ಕೆ ಯಾವತ್ತೂ ಬರಗಾಲ ಬಂದದ್ದಿಲ್ಲ. ಆದರೆ ಆ ವೈರಸ್ ಜ್ವರ ಊರೆಲ್ಲ ಸುತ್ತಿ ಹೋದ ಮೇಲೆ ನಡೆದಂಥ ಪ್ರಸಂಗಗಳನ್ನು ನಾನು ಕಂಡೇ ಇರಲಿಲ್ಲ. ಅದರಲ್ಲೂ ಮುಕ್ಕಾಲು ಪಾಲು ನನ್ನಿಂದಲೇ! ನನಗೆ ಬಂದದ್ದು ಸಣ್ಣ ಜ್ವರ. ಗಂಜಿ ಕುಡಿದು ಮಲಗಿದೆ, ಎದ್ದೆ, ಮೈ ಹಗುರವಾಯಿತು. ಆದರೆ ಬಂದ ನೆಂಟ ಬರಿಗೈಯಲ್ಲಿ ಹೋಗಲಿಲ್ಲ, ನನ್ನ ತಲೆಯಲ್ಲಿದ್ದದ್ದನ್ನು ಒಂದಿಷ್ಟು ಗಂಟು ಕಟ್ಟಿಕೊಂಡೇ ಹೋದ.

ಸರಿಯಾಗಿ ಅದೇ ಹೊತ್ತಿಗೆ ಚಳ್ಳಕೆರೆಯ ಒಬ್ಬ ತಾಯಿ, ತನ್ನ ಮಗಳ ಧಾರೆ ಸೀರೆ ನನ್ನ ಕೈಯಲ್ಲೇ ಆಗಬೇಕೆಂದು ಹೇಳಿ ಕಳಿಸಿದರು. ಆ ತಾಯಿಯ ಧಾರೆ ಸೀರೆ ನೇಯ್ದವರು ನಮ್ಮಪ್ಪ! ನನಗೆ ಹಿಗ್ಗೋ ಹಿಗ್ಗು, ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿಗ್ಗಿನ ಹಿಂದೆಯೇ ಭಯವೂ ಬಂತು. ನಮ್ಮ ಮನೆಯ ಅಂಚು, ಸೆರಗು, ಹೂವು ಎಲ್ಲವೂ ತಲೆಯಲ್ಲೇ ಇರುವಂಥವು. ಆ ತಲೆ ವಾಪಸ್ ಬಾರದಿದ್ದರೆ ನಾನು ನೇಕಾರನೇ ಅಲ್ಲ.

ಇಬ್ಬರೂ ಒಂದೇ ದೋಣಿಯಲ್ಲಿ

ಹೆಂಡತಿ ಜೀರಿಗೆ ತರಲು ಕಳಿಸಿದಳು. ಅಂಗಡಿ ಮುಂದೆ ನಿಂತೆ, ಹೆಸರು ಬರಲಿಲ್ಲ. ಕನ್ನಡದಲ್ಲೂ ಬರಲಿಲ್ಲ, ತೆಲುಗಿನಲ್ಲೂ ಬರಲಿಲ್ಲ.

"ಏಂ ಕಾವಾಲನ್ನಾ?" ಏನು ಬೇಕೆಂದು ತೆಲುಗಿನಲ್ಲೇ ಕೇಳಿದ ಅಂಗಡಿಯವನು.

"ಅದೇ ಕಣಪ್ಪ, ಸಣ್ಣಗೆ, ಉದ್ದಕ್ಕೆ ಇರ್ತೈತಲ್ಲ, ಒಗ್ಗರಣೆಗೆ ಹಾಕಿದ್ರೆ ಘಮ್ ಅಂತೈತಲ್ಲ!"

"ಓ, ಅದಾ! ತರ್ತೀನಿ ಇರು," ಎಂದು ಒಳಗೆ ಹೋದ. ಹೋದವನು ಬರಲೇ ಇಲ್ಲ. ಬಹಳ ಹೊತ್ತಾದ ಮೇಲೆ ಬರಿಗೈಯಲ್ಲಿ ಬಂದು, "ಅಣ್ಣ, ನಾನು ಒಳಗೆ ಯಾಕೆ ಹೋದೆ?" ಎಂದು ನನ್ನನ್ನೇ ಕೇಳಿದ. ಅವನಿಗೂ ಅದೇ ಜ್ವರ ಬಂದುಹೋಗಿತ್ತಂತೆ!

ನಮ್ಮಿಬ್ಬರ ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಎಷ್ಟು ಹೊತ್ತು ಕಾದಾಳು? ತಾನೇ ಒಳಗೆ ಹೋಗಿ ಜೀರಿಗೆ ಪೊಟ್ಟಣ ತಂದು ನನ್ನ ಕೈಗಿಟ್ಟಳು. ಅಂಗಡಿಯವನ ಕಡೆ ತಿರುಗಿ, "ಈಗ ನೀನು ಈಚೆ ಬಾರಪ್ಪ, ನಿನಗೇನು ಬೇಕು ಹೇಳು" ಅಂದಳು.

ಚಟ್ನಿ ಪುಡಿಯ ಬಣ್ಣ

ಸೀರೆಗೆ ಬಣ್ಣ ಆರಿಸಬೇಕಿತ್ತು. ಬೇರೆ ಬೇರೆ ಬಣ್ಣದ ರೇಷ್ಮೆ ಎಳೆಗಳನ್ನು ಡಬ್ಬಿಗೆ ಹಾಕಿ, ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಬಂದ.

"ಎಲ್ಲಿಗ್ರಿ?"

ಎಲ್ಲಿಗೆ? ಹೊಳೆಯಲಿಲ್ಲ. "ಈ ಬಸ್ಸು ಎಲ್ಲಿಗೆ ಹೋಗ್ತೈತಪ್ಪ?"

"ಚಳ್ಳಕೆರೆಗೆ."

"ಹಂಗಾದ್ರೆ ನಾನೂ ಅಲ್ಲಿಗೇ ಇರಬೇಕು, ಕೊಡು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಟಿಕೆಟ್ ಕೊಟ್ಟು, ಇಳಿಯುವ ಜಾಗ ಬಂದಾಗ ಕೈ ಹಿಡಿದು ಇಳಿಸಿದ. ಎಣ್ಣೆ ಮಿಲ್ಲಿನ ವಾಸನೆ ಮೂಗಿಗೆ ಬಡಿಯುತ್ತಲೇ ಎಲ್ಲ ನೆನಪಾಯಿತು! ಗೆದ್ದೆ ಎಂದುಕೊಂಡು ಆ ಮನೆಗೆ ಹೋದೆ. ಮದುಮಗಳು, ಅವಳ ತಾಯಿ, ಅಜ್ಜಿ ಎಲ್ಲ ಚಾಪೆ ಹಾಸಿ ಕಾದು ಕೂತಿದ್ದರು. ಮದುಮಗಳ ಮುಂದೆ ಗತ್ತಿನಿಂದ ಡಬ್ಬಿ ಮುಚ್ಚಳ ತೆಗೆದೆ. ಒಳಗೆ ಕಡಲೆಬೀಜದ ಚಟ್ನಿ ಪುಡಿ!

ಅಷ್ಟರಲ್ಲಿ ಹೆಂಡತಿಯ ಫೋನು. "ರೀ, ರೊಟ್ಟಿಗೆ ರೇಷ್ಮೆ ಹಚ್ಕೊಂಡು ತಿನ್ನಲಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಆ ಹುಡುಗಿ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಅವ್ವ, ಈ ಬಣ್ಣನೇ ಇರ್ಲಿ, ಎಷ್ಟು ಚೆನ್ನಾಗೈತೆ!" ಅಂದಳು. ಅಜ್ಜಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಚಪ್ಪರಿಸಿ ಹೇಳಿದರು: "ಬಣ್ಣ ಏನೋ ಒಪ್ಪೈತೆ. ಧಾರೆಗೆ ಒಂಚೂರು ಖಾರ ಆಯ್ತು."

ಡಾಕ್ಟರ ಮಾತು

ಹೆಂಡತಿ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ನಾಡಿ ನೋಡಿದರು, ಕಣ್ಣು ನೋಡಿದರು, ನಾಲ್ಕು ಪ್ರಶ್ನೆ ಕೇಳಿದರು.

"ಜ್ವರ ಸಣ್ಣದಾದರೂ ಕೆಲವರಿಗೆ ಹೀಗಾಗುತ್ತೆ. ಮರೆವು, ಮಂಕು, ಸುಸ್ತು. ನಿಧಾನವಾಗಿ ಸರಿ ಹೋಗುತ್ತೆ, ಹೆದರಬೇಡಿ. ಚೆನ್ನಾಗಿ ನಿದ್ದೆ ಮಾಡಿ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ಎರಡು ಬೇಡ."

ದಾರಿಯುದ್ದಕ್ಕೂ ಹೆಂಡತಿ ನನ್ನ ಮರೆವಿನ ಪುರಾಣ ಬಿಚ್ಚಿದಳು. ಹಾಲು ಉಕ್ಕಿಸಿದ್ದು, ಬೀಗದ ಕೈಯನ್ನು ಅಕ್ಕಿ ಡಬ್ಬಿಗೆ ಹಾಕಿದ್ದು, ಪಕ್ಕದ ಮನೆಯವರ ಚಪ್ಪಲಿ ಮೆಟ್ಟಿ ಬಂದದ್ದು. ಕೇಳಿ ಕೇಳಿ ಸಾಕಾಗಿ, "ಲೇ, ನಾನೂ ಒಂದು ಮಾತು ಹೇಳ್ತೀನಿ" ಎಂದು ಬಾಯಿ ತೆಗೆದೆ.

"ಸುಮ್ನಿರ್ರಿ! ಡಾಕ್ಟ್ರು ಏನಂದ್ರು? ಒಂದು ಸಲಕ್ಕೆ ಒಂದೇ ಕೆಲಸ. ಈಗ ನೀವು ಕೇಳ್ತಾ ಇದ್ದೀರಿ."

ಕೆಂಪು ಬಟ್ಟೆ

ಕೊನೆಗೂ ಮಗ್ಗಕ್ಕೆ ಕೂತೆ. ಇಲ್ಲಿ ನಮ್ಮ ಮನೆಯ ಪದ್ಧತಿ ಹೇಳಬೇಕು. ಬೀದಿಯಲ್ಲಿ ಬೇರೆಯವರು ಸೀರೆಯ ಮೈ ನೇಯ್ದು ಕೊನೆಗೆ ಸೆರಗು ನೇಯುತ್ತಾರೆ. ನಮ್ಮಪ್ಪ ಮೊದಲು ಸೆರಗು ಮುಗಿಸಿ ಆಮೇಲೆ ಮೈಗೆ ಇಳಿಯುತ್ತಿದ್ದರು, ನಾನೂ ಹಾಗೆಯೇ. ನೇಯ್ದದ್ದೆಲ್ಲ ಮುಂದಿನ ದಿಂಡಿಗೆ ಸುತ್ತಿಕೊಂಡು ಹೋಗುವುದರಿಂದ, ಮೈ ನೇಯುವ ಹೊತ್ತಿಗೆ ಸೆರಗು ಒಳಗೆ ಸೇರಿಬಿಟ್ಟಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ.

ಏನು ಹೇಳಲಿ, ಲಾಳಿ ಕೈಗೆ ಬಂದದ್ದೇ ತಡ, ಬೆರಳುಗಳು ತಾವೇ ನಡೆದವು! ಜೀರಿಗೆಯ ಹೆಸರು ಮರೆತ ತಲೆಗೆ ಸೆರಗಿನ ಒಂದೊಂದು ಹೂವೂ ನೆನಪಿತ್ತು. ನನಗೆ ಕಣ್ಣು ತುಂಬಿ ಬಂತು. ಸೆರಗು ಮುಗಿದ ದಿನ ಹೆಂಡತಿ ಮಗ್ಗದ ಕಂಬಕ್ಕೆ ಒಂದು ಕೆಂಪು ಬಟ್ಟೆ ಚೂರು ಕಟ್ಟಿದಳು.

"ನೋಡ್ರಿ, ಇದು ಇಲ್ಲಿದ್ರೆ ಸೆರಗು ಆಗೈತೆ ಅಂತ. ಮರೀಬ್ಯಾಡ್ರಿ."

"ಇದನ್ನ ಯಾರಾದ್ರೂ ಮರೀತಾರಾ?" ಎಂದು ನಕ್ಕೆ.

ಮೈ ನೇಯ್ದೆ. ದಿನಗಳು ಹೋದವು. ಒಂದು ಮಧ್ಯಾಹ್ನ ಸೆಕೆಗೆ ಕನ್ನಡಕ ಮಂಜಾಯಿತು. ಕೈಗೆ ಸಿಕ್ಕಿದ್ದು ಆ ಕೆಂಪು ಬಟ್ಟೆ. ಬಿಚ್ಚಿದೆ, ಕನ್ನಡಕ ಒರೆಸಿದೆ, ಜೇಬಿಗೆ ಹಾಕಿಕೊಂಡೆ. ಒಳ್ಳೆ ಬಟ್ಟೆ, ಗಾಜು ಫಳಫಳ ಅಂತು.

ಮಡಿಕೆ ಬಿಚ್ಚಿದಾಗ

ಸೀರೆ ಒಯ್ಯಲು ಚಳ್ಳಕೆರೆಯಿಂದ ಮೂವರೂ ಬಂದರು. ಮದುವೆ ಬಾಗಿಲಲ್ಲಿ ನಿಂತಿತ್ತು. ಅಜ್ಜಿಗೆ ಎಳನೀರು, ಹುಡುಗಿಗೆ ಮಗ್ಗ ನೋಡುವ ಆಸೆ, ನನಗೆ ಎದೆಯಲ್ಲಿ ಡೊಳ್ಳು. ಹೆಂಡತಿ ಚಾಪೆಯ ಮೇಲೆ ಮಡಿಕೆ ಬಿಚ್ಚಿದಳು. ಜರಿಯ ಸೆರಗು ಹರಡಿಕೊಂಡಿತು. "ಅಬ್ಬಬ್ಬಾ!" ಅಂದರು ತಾಯಿ, "ನಿಮ್ಮಪ್ಪನ ಕೈನೇ ಬಂದೈತೆ ನಿಮಗೆ!" ನಾನು ಆಕಾಶದಲ್ಲಿದ್ದೆ. ಮಡಿಕೆ ಬಿಚ್ಚುತ್ತಾ ಬಿಚ್ಚುತ್ತಾ ಚಟ್ನಿ ಪುಡಿ ಬಣ್ಣದ ಮೈ ಬಂತು, ಮುಗಿಯುತ್ತಾ ಬಂತು, ಕೊನೆಯ ಮಡಿಕೆ ಬಂತು.

ಅಲ್ಲೂ ಸೆರಗು!

ಹೆಂಡತಿ ಮಗ್ಗದ ಕಂಬ ನೋಡಿದಳು, ನನ್ನನ್ನು ನೋಡಿದಳು. ನಾನು ಬೆವರು ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದೆ. ಬಂದದ್ದು ಕೆಂಪು ಬಟ್ಟೆ.

"ಇದೇನ್ರಿ ಇದು, ಎರಡು ಸೆರಗು! ಧಾರೆ ಸೀರೆ ಇದು!" ಎಂದು ತಾಯಿ ಆ ತುದಿಯನ್ನು ಎತ್ತಿ ಹಿಡಿದರು. ಅಪ್ಪನ ಹೆಸರನ್ನೂ ಸೇರಿಸಿ ಮುಳುಗಿಸಿದೆನಲ್ಲ ಎಂದು ನಿಜವಾಗಿ ಅಳು ಬಂತು.

ಆಗ ಆ ಹುಡುಗಿ ಕಿಲಕಿಲ ನಕ್ಕುಬಿಟ್ಟಳು. "ಅವ್ವ, ನನಗೂ ಅದೇ ಜ್ವರ ಬಂದಿತ್ತಲ್ಲ. ಮೊನ್ನೆ ಗೃಹಪ್ರವೇಶಕ್ಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾದಾ ತುದಿ ಹೆಗಲ ಮೇಲೆ ಹಾಕ್ಕೊಂಡು ಹೋಗಿ ಎಲ್ರೂ ನಗ್ಲಿಲ್ವಾ? ಈ ಸೀರೇಲಿ ತಪ್ಪೋ ಮಾತೇ ಇಲ್ಲ. ಯಾವ ಕಡೆ ಹಿಡಿದ್ರೂ ಸೆರಗೇ!"

ಅಜ್ಜಿ ಎಳನೀರು ಕೆಳಗಿಟ್ಟು ತೀರ್ಪು ಕೊಟ್ಟರು: "ಕಟ್ರೇ ಗಂಟು. ಸೀರೆ ಉಟ್ಕೊಳ್ಳೋಳೇ ಒಪ್ಪಿದ ಮೇಲೆ ನಿಮ್ದೇನು?"

ಬೀದಿಗೆಲ್ಲ ಸಕ್ಕರೆ

ಮದುವೆಯಲ್ಲಿ ಈ ಕಥೆ ನನಗಿಂತ ಮೊದಲೇ ಊಟದ ಪಂಕ್ತಿಗೆ ತಲುಪಿತ್ತು. ಎಲ್ಲರೂ ನನ್ನನ್ನು ತೋರಿಸಿ ನಗುವವರೇ. ಆದರೆ ಗಂಡಿನ ಸೋದರತ್ತೆ, ರಾಯದುರ್ಗದ ಕಡೆಯವರು, ನನ್ನ ಎಲೆಯ ಮುಂದೆಯೇ ಬಂದು ನಿಂತು, "ನಾಕೂ ಇಟ್ಲಾಂಟಿದೇ ಕಾವಾಲಿ, ರೆಂಡು ಸೆರಗು!" ಎನ್ನುತ್ತ ತಮಗೂ ಅಂಥದೇ ಸೀರೆ ಬೇಕೆಂದು ಪಟ್ಟು ಹಿಡಿದರು. ತಪ್ಪಿಗೇ ಆರ್ಡರ್! ಹೋಳಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಮನೆಗೆ ಬಂದವನೇ ಹುರುಪಿನಿಂದ ಹೊಸ ಸೀರೆಗೆ ಕೂತೆ. ಹಾಡು ಹೇಳಿಕೊಂಡು ನೇಯ್ದೆ. ಅಷ್ಟರಲ್ಲಿ ಜೀರಿಗೆಗೂ ತಡವರಿಸದಂತೆ ಆಗಿದ್ದೆ, ಬಸ್ಸಿನಲ್ಲಿ ಕಂಡಕ್ಟರ್ ಕೇಳುವ ಮೊದಲೇ ಊರಿನ ಹೆಸರು ಹೇಳುತ್ತಿದ್ದೆ. ಸೀರೆ ಮುಗಿಯಿತು. ಕತ್ತರಿಸಿ ಹೆಂಡತಿಯ ಕೈಗೆ ಕೊಟ್ಟೆ. ಅವಳು ಒಂದು ತುದಿ ಬಿಚ್ಚಿದಳು, ಸೆರಗು. ಇನ್ನೊಂದು ತುದಿ ಬಿಚ್ಚಿದಳು, ಸಾದಾ!

ನಾನು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟೆ. ಕೈ ತನ್ನ ಹಳೇ ಪದ್ಧತಿಯಂತೆ ಒಂದೇ ಸೆರಗು ನೇಯ್ದಿತ್ತು. ಇನ್ನು ಇವಳು ಸುಮ್ಮನೆ ಬಿಡುವುದಿಲ್ಲ ಎಂದುಕೊಂಡೆ. ನೋಡಿದರೆ ಅವಳ ಕಣ್ಣಲ್ಲಿ ನೀರು.

"ರೀ! ಒಂದೇ ಸೆರಗು ನೇಯ್ದೀರಿ! ನಿಮ್ ತಲೆ ವಾಪಸ್ ಬಂತು ಕಣ್ರಿ!"

ಎದ್ದವಳೇ ಸಕ್ಕರೆ ಡಬ್ಬಿ ಹಿಡಿದು ಬೀದಿಗೆ ಓಡಿದಳು. ಮಗ್ಗಗಳೆಲ್ಲ ನಿಂತವು, ಜನ ಬಾಗಿಲಿಗೆ ಬಂದರು. "ಯಾಕಕ್ಕ ಸಕ್ಕರೆ? ಏನು ವಿಶೇಷ?" ಎಂದಳು ಪಕ್ಕದ ಮನೆಯವಳು.

ನನ್ನ ಹೆಂಡತಿ ಬೀದಿಗೆಲ್ಲ ಕೇಳುವಂತೆ ಕೂಗಿದಳು: "ನಮ್ಮನೆಯವರು ಆರ್ಡರ್ ಸೀರೆ ಕೆಡಿಸಿದ್ರು ಕಣೇ! ಬಾ, ಬಾಯಿ ಸಿಹಿ ಮಾಡ್ಕೋ!"